ಡರ್ಹಾಮ್ ಮ್ಯೂಸಿಯಂ ನೋಡಿದವರು ಬಿನ್‌ಚೆಸ್ಟರ್‌ಗೂ ಹೋಗಿ

ಇಂಗ್ಲೆಂಡಿನ ಡರ್ಹಾಮ್‌ಗೆ ಹೋಗುವವರು ಕೆಥೆಡ್ರಲ್ ನೋಡಿ ರೈಲು ಹತ್ತಿಬಿಡುತ್ತಾರೆ. ಅದರ ಎದುರಿನ ಪ್ಯಾಲೇಸ್ ಗ್ರೀನ್ ಲೈಬ್ರರಿಯಲ್ಲೇ ಡರ್ಹಾಮ್ ವಿಶ್ವವಿದ್ಯಾಲಯದ ಪುರಾತತ್ವ ಮ್ಯೂಸಿಯಂ ಇದೆ. ಚಿಕ್ಕದು, ಆದರೆ ದಯವಿಟ್ಟು ಬಿಡಬೇಡಿ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ರೈಲಿನಲ್ಲಿ ಸುಮಾರು 3 ಗಂಟೆ. ಸ್ಟೇಷನ್ನಿನಿಂದ ಇಳಿಜಾರು ಇಳಿದು, ಮತ್ತೆ ಗುಡ್ಡ ಏರಬೇಕು. ದಾರಿ ಕಲ್ಲುಹಾಸಿನದು, ಮಳೆ ಬಂದರೆ ಜಾರುತ್ತದೆ. ಒಳ್ಳೆಯ ಶೂ ಇರಲಿ. ವಯಸ್ಸಾದವರು ಜೊತೆಗಿದ್ದರೆ ಬಸ್ಸೋ ಟ್ಯಾಕ್ಸಿಯೋ ಹಿಡಿಯುವುದೇ ಮೇಲು. ಮ್ಯೂಸಿಯಂ ತೆರೆದಿರುವ ದಿನ, ವೇಳೆ ಬದಲಾಗಬಹುದು. ವೆಬ್‌ಸೈಟ್ ನೋಡಿಯೇ ಟಿಕೆಟ್ ಮಾಡಿಸಿ.

ರೋಮನ್ನರ ಕಾಲದ ವಸ್ತುಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಪ್ರತಿ ವಸ್ತುವೂ ಯಾವ ಊರಲ್ಲಿ ಸಿಕ್ಕಿತು ಅಂತ ಓದಿ. ರೋಮ್ ಎಲ್ಲೋ ದೂರದ್ದು ಅನ್ನಿಸುವುದಿಲ್ಲ, ಪಕ್ಕದ ಹೊಲದಿಂದ ಎದ್ದು ಬಂದ ಹಾಗಿರುತ್ತದೆ. ನಮಗೂ ಇದು ಪೂರ್ತಿ ಹೊಸದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆಯಲ್ವಾ? ಆದರೆ ನಮ್ಮಲ್ಲಿಗೆ ಬಂದದ್ದು ವ್ಯಾಪಾರದ ಹಣ. ಇಲ್ಲಿ ಸೈನ್ಯವೇ ಬಂದು ನೆಲೆಸಿತ್ತು.

ಆ ನೆಲೆಗಳಲ್ಲಿ ಒಂದು ಬಿನ್‌ಚೆಸ್ಟರ್ ಕೋಟೆ. ರೋಮನ್ನರ ಬಾಯಲ್ಲಿ ವಿನೋವಿಯಾ. ಸ್ಪೇನ್ ಕಡೆಯ ಕುದುರೆ ಪಡೆ ಇಲ್ಲಿತ್ತು. 2013ರಲ್ಲಿ ಡರ್ಹಾಮ್‌ನ ವಿದ್ಯಾರ್ಥಿಯೊಬ್ಬ ಇಲ್ಲಿ ಅಗೆಯುವಾಗ ದೇವರದ್ದೆಂದು ನಂಬಲಾದ ಕಲ್ಲಿನ ತಲೆಯೊಂದು ಸಿಕ್ಕಿತು. ಮ್ಯೂಸಿಯಂ ಆದ ಮೇಲೆ ಇಲ್ಲಿಗೆ ಬನ್ನಿ, ಅದಕ್ಕಿಂತ ಮೊದಲಲ್ಲ. ಒಳಗೆ ಬಿಡಿಬಿಡಿಯಾಗಿ ನೋಡಿದ್ದಕ್ಕೆಲ್ಲ ಇಲ್ಲಿ ಮನೆ, ಗೋಡೆ, ದಾರಿ ಸಿಗುತ್ತವೆ. ಸೇನಾಧಿಕಾರಿಯ ಸ್ನಾನದ ಮನೆಯನ್ನು ಮರೆಯದೆ ನೋಡಿ. ಇಟ್ಟಿಗೆ ಕಂಬಗಳ ಮೇಲೆ ನೆಲ ನಿಲ್ಲಿಸಿ, ಅದರಡಿ ಬಿಸಿಗಾಳಿ ಹರಿಸುತ್ತಿದ್ದರು. ನಮ್ಮ ಬಚ್ಚಲಲ್ಲಿ ಹಂಡೆ ಕಾಯುತ್ತದೆ, ಅಲ್ಲಿ ನೆಲವೇ ಕಾಯುತ್ತಿತ್ತು! ಆ ಕಂಬಗಳು ಇನ್ನೂ ಸಾಲಾಗಿ ನಿಂತಿವೆ.

ಡರ್ಹಾಮ್‌ನಿಂದ ಕೋಟೆಯ ಹತ್ತಿರದ ಊರಾದ ಬಿಷಪ್ ಆಕ್ಲೆಂಡ್‌ಗೆ ಬಸ್ ಇದೆ. ರೈಲಾದರೆ ಡಾರ್ಲಿಂಗ್ಟನ್‌ನಲ್ಲಿ ಬದಲಿಸಬೇಕು, ಸುಮ್ನೆ ಸುತ್ತು. ಬಿಷಪ್ ಆಕ್ಲೆಂಡ್‌ನಿಂದ ಕೋಟೆಗೆ ಸುಮಾರು ಎರಡೂವರೆ ಕಿಲೋಮೀಟರ್ ನಡಿಗೆ. ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ, ಬೇಸಿಗೆಯಲ್ಲೇ ಹೋಗಿ. ಊಟದ ಬುತ್ತಿ, ನೀರು ಜೊತೆಗಿರಲಿ.

ಸಮಯ ಉಳಿದರೆ ಹತ್ತಿರದ ಎಸ್ಕಂಬ್ ಚರ್ಚ್‌ಗೆ ಹೋಗಿ. ಸುಮಾರು 675ರಲ್ಲಿ ಬಿನ್‌ಚೆಸ್ಟರಿನ ಕಲ್ಲುಗಳನ್ನೇ ತಂದು ಕಟ್ಟಿದ್ದು. ಉತ್ತರದ ಗೋಡೆಯ ಹೊರಗೆ ಒಂದು ಕಲ್ಲಿನ ಮೇಲೆ ರೋಮನ್ ಸೈನ್ಯದ ಆರನೇ ಲೀಜನ್ ಎಂಬ ದೊಡ್ಡ ದಳದ ಗುರುತಿದೆ, ತಲೆಕೆಳಗಾಗಿ! ಇನ್ನೊಂದು ದಿನ ಇದ್ದವರಿಗೆ ಲಾಂಚೆಸ್ಟರ್ ಚರ್ಚ್. ಅಲ್ಲಿನ ಬಾಗಿಲ ಮಂಟಪದಲ್ಲಿ ಗಾರ್ಮಂಗಾಬಿಸ್ ಎಂಬ ದೇವಿಯ ಬಲಿಪೀಠವಿದೆ. ಜರ್ಮನ್ ನಾಡಿನಿಂದ ಬಂದ ಸೈನಿಕರು ತಮ್ಮ ಪಡೆಯ ಒಳಿತಿಗೆಂದು ಮೂರನೇ ಶತಮಾನದಲ್ಲಿ ಅದನ್ನು ನಿಲ್ಲಿಸಿದ್ದರು.