ಮ್ಯಾಚ್ ಸಿಕ್ಕವರನ್ನಷ್ಟೇ ಎಣಿಸುತ್ತಿದ್ದೆವು

ದೀಪಾವಳಿಗೆ ಗೋಕಾಕಿನ ಅತ್ತೆಯ ಮನೆಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿದ ಮೇಲೆ ಅತ್ತೆಯ ಮಗ ಪಕ್ಕದಲ್ಲಿ ಕೂತು ಮೊಬೈಲ್‌ನಲ್ಲಿ ಗೇಮ್ ತೆರೆದ. ನಾನು ಕೆಲಸ ಮಾಡುವ ಗೇಮೇ ಅದು. ನನಗೆ ಖುಷಿಯಾಯಿತು. ಅವನು 'ಆಡು' ಒತ್ತಿದ, ಎದುರಾಳಿ ಹುಡುಕುವ ಚಕ್ರ ತಿರುಗತೊಡಗಿತು. ಇಪ್ಪತ್ತು ಸೆಕೆಂಡ್ ಆಯಿತು. ಮೂವತ್ತಾಯಿತು. ನಲವತ್ತರ ಹತ್ತಿರ ರದ್ದು ಒತ್ತಿದ. ಮತ್ತೆ 'ಆಡು', ಮತ್ತೆ ರದ್ದು. ಮೂರನೇ ಸಲ ಗೇಮನ್ನೇ ಮುಚ್ಚಿ ರೀಲ್ಸ್ ನೋಡಲು ಶುರು ಮಾಡಿದ.

"ಅಣ್ಣಾ, ನಿಮ್ಮ ಗೇಮ್‌ದಾಗ ಹಗಲೊತ್ತು ಯಾರೂ ಇರಂಗಿಲ್ಲೇನು?" ಎಂದು ಕೇಳಿದ. ದೂರೇನಲ್ಲ, ಸುಮ್ನೆ ಕೇಳಿದ್ದು.

ನಾನು ಜೇಬಿನಿಂದ ಫೋನ್ ತೆಗೆದು ಆಫೀಸಿನ ಡ್ಯಾಶ್‌ಬೋರ್ಡ್ ನೋಡಿದೆ. ಸರಾಸರಿ ಕಾಯುವ ಸಮಯ 14 ಸೆಕೆಂಡ್. ಎಲ್ಲ ಹಸಿರು. ಆ ಹಸಿರು ಗೆರೆಯನ್ನು ನಾನೇ ವರ್ಷಗಟ್ಟಲೆ ಪ್ರತಿ ಸೋಮವಾರ ಮೀಟಿಂಗ್‌ನಲ್ಲಿ ತೋರಿಸಿದ್ದೇನೆ. ಪಕ್ಕದಲ್ಲಿ ಕೂತ ಹುಡುಗ ಎರಡು ಸಲ ನಲವತ್ತು ಸೆಕೆಂಡ್ ಕಾದು ಎದ್ದು ಹೋದದ್ದು ಅದರಲ್ಲಿ ಎಲ್ಲೂ ಇರಲಿಲ್ಲ.

ಬೆಳಗಾವಿಯ ತಿಲಕವಾಡಿಯಲ್ಲಿ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ನನ್ನ ಕೆಲಸ. ಮೂವರ ಎದುರು ಮೂವರು ಆಡುವ ಮೊಬೈಲ್ ಗೇಮ್ ನಮ್ಮದು. ಯಾರನ್ನು ಯಾರ ಜೊತೆ, ಯಾರ ಎದುರು ಹಾಕಬೇಕು ಎಂದು ತೀರ್ಮಾನಿಸುವ ಕೋಡ್, ಅಂದರೆ ಮ್ಯಾಚ್‌ಮೇಕಿಂಗ್, ನನ್ನ ಪಾಲಿನದು. ಹಬ್ಬ ಮುಗಿಸಿ ಬಂದ ದಿನವೇ ಆ ಸರಾಸರಿ ಎಲ್ಲಿಂದ ಬರುತ್ತದೆ ಎಂದು ಬಿಚ್ಚಿ ನೋಡಿದೆ. ವಿಷಯ ಎಷ್ಟು ಸರಳ ಎಂದರೆ ಕೂತಲ್ಲೇ ಸಂಕಟವಾಯಿತು. ಮ್ಯಾಚ್ ಶುರುವಾದಾಗ ಆಟಗಾರ ಎಷ್ಟು ಹೊತ್ತು ಕಾದ ಎಂದು ಬರೆದುಕೊಳ್ಳುತ್ತಿದ್ದೆವು. ಮ್ಯಾಚ್ ಶುರುವಾಗದಿದ್ದರೆ ಏನೂ ಬರೆದುಕೊಳ್ಳುತ್ತಿರಲಿಲ್ಲ. ಹತ್ತು ಜನ 'ಆಡು' ಒತ್ತಿದರು ಅಂದುಕೊಳ್ಳಿ. ಆರು ಜನಕ್ಕೆ ಹತ್ತು ಸೆಕೆಂಡ್‌ನಲ್ಲಿ ಮ್ಯಾಚ್ ಸಿಕ್ಕಿತು, ನಾಲ್ವರು ನಲವತ್ತು ಸೆಕೆಂಡ್ ಕಾದು ಬಿಟ್ಟು ಹೋದರು. ನಮ್ಮ ಲೆಕ್ಕದಲ್ಲಿ ಸರಾಸರಿ ಹತ್ತು ಸೆಕೆಂಡ್. ಆ ನಾಲ್ವರು ಬಂದೇ ಇಲ್ಲ! ಇನ್ನೂ ಕೆಟ್ಟದ್ದೆಂದರೆ, ಬೇಸರಪಟ್ಟು ಹೋಗುವವರು ಜಾಸ್ತಿಯಾದಷ್ಟೂ ಉಳಿಯುವುದು ಬೇಗ ಮ್ಯಾಚ್ ಸಿಗುವವರೇ, ಆದ್ದರಿಂದ ಗೇಮ್ ಹಾಳಾದಷ್ಟೂ ಗೆರೆ ಚೆಂದ ಕಾಣುತ್ತದೆ.

ರದ್ದು ಒತ್ತಿದ ಸಂದೇಶ ಸರ್ವರ್‌ಗೆ ಬರುತ್ತಲೇ ಇತ್ತು. ಲಾಗ್‌ನಲ್ಲಿ, ಅಂದರೆ ಸರ್ವರ್ ತಾನೇ ಬರೆದಿಡುವ ದಾಖಲೆಯಲ್ಲಿ, ಬಿದ್ದಿತ್ತು. ಯಾರೂ ಓದಿರಲಿಲ್ಲ, ಅಷ್ಟೇ.

ಎರಡು ದಿನ ಕೂತು ಅದನ್ನೇ ಓದಿದೆ. ಬಿಟ್ಟು ಹೋಗುವವರು ಅಲ್ಲೊಬ್ಬ ಇಲ್ಲೊಬ್ಬ ಇರಬಹುದು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಮಧ್ಯಾಹ್ನ ಆಡುವವರು, ತುಂಬಾ ಚೆನ್ನಾಗಿ ಆಡುವವರು, ಗೆಳೆಯರ ಜೊತೆ ಗುಂಪಾಗಿ ಬರುವವರು. ಅದೇ ಜನ, ಅದೇ ಹೊತ್ತು, ದಿನಾ. ಗೆಳೆಯರನ್ನು ಕರೆತಂದು ನಮ್ಮ ಗೇಮ್ ಹಚ್ಚಿಸುವವರನ್ನೇ ನಾವು ಬಾಗಿಲಲ್ಲಿ ನಿಲ್ಲಿಸುತ್ತಿದ್ದೆವು.

ಮೊದಲ ಕಾರಣ ಗಣಿತದ್ದು, ಅದೂ ಪ್ರಾಥಮಿಕ ಶಾಲೆಯ ಭಾಗಾಕಾರ. ನಾವು ನಾಲ್ಕು ಬಗೆಯ ಆಟ ಇಟ್ಟಿದ್ದೆವು. ಸರ್ವರ್ ಎರಡು ಕಡೆ, ಮುಂಬೈ ಮತ್ತು ಹೈದರಾಬಾದ್. ಆಟಗಾರರ ದರ್ಜೆ ಆರು. ಒಂದೊಂದಕ್ಕೂ ಬೇರೆ ಬೇರೆ ಕಾಯುವ ಸಾಲು, ಒಟ್ಟು 48 ಸಾಲುಗಳು. ಮಧ್ಯಾಹ್ನ 240 ಜನ ಒಂದೇ ಹೊತ್ತಿಗೆ ಕಾಯುತ್ತಿದ್ದಾರೆ, ಎಲ್ಲ ಸಾಲಿಗೂ ಸಮನಾಗಿ ಹಂಚಿಕೊಂಡಿದ್ದಾರೆ ಎನ್ನಿ. ಒಂದು ಸಾಲಿಗೆ ಐದು ಜನ. ಒಂದು ಮ್ಯಾಚಿಗೆ ಬೇಕಾದದ್ದು ಆರು ಜನ. ನಲವತ್ತು ಮ್ಯಾಚ್ ಆಗುವಷ್ಟು ಜನ ನಿಂತಿದ್ದಾರೆ, ಒಂದೂ ಮ್ಯಾಚ್ ಆಗುವುದಿಲ್ಲ. ನಿಜವಾದ ದಿನದಲ್ಲಿ ಇಷ್ಟು ಸಮನಾಗಿ ಹಂಚಿಕೆ ಆಗುವುದಿಲ್ಲ, ಕೆಲವು ಸಾಲು ತುಂಬಿ ಹರಿಯುತ್ತವೆ, ಕೆಲವು ಖಾಲಿ ಹೊಡೆಯುತ್ತವೆ. ಆದರೆ ನಡೆಯುತ್ತಿದ್ದದ್ದು ಇದೇ. ಆ ನಾಲ್ಕು ಬಗೆಗಳಲ್ಲಿ ಎರಡನ್ನು ಹಬ್ಬಕ್ಕೆಂದು ಸೇರಿಸಿ, ತೆಗೆಯುವುದನ್ನೇ ಮರೆತಿದ್ದೆವು.

ಹೊಸ ಬಗೆ ಸೇರಿಸಿದರೆ ಗೇಮ್ ದೊಡ್ಡದಾಯಿತು ಎಂದು ತಂಡಕ್ಕೆಲ್ಲ ಅನಿಸುತ್ತದೆ. ಆಡುವ ಜನ ಅಷ್ಟೇ ಇದ್ದರೆ, ಸೇರಿಸಿದ ಪ್ರತಿ ಬಗೆಯೂ ಉಳಿದವುಗಳ ಜನರನ್ನು ಕಿತ್ತುಕೊಂಡೇ ಬದುಕಬೇಕು. ಸಣ್ಣ ಗೇಮ್ ಮಾಡುವವರಿಗೆ ಕೈಮುಗಿದು ಹೇಳುತ್ತೇನೆ, ಇದನ್ನು ಮೊದಲು ನೋಡಿ. ರೇಟಿಂಗ್, ಅಂದರೆ ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬುದಕ್ಕೆ ಕೊಡುವ ಅಂಕ, ಅದರ ಸೂತ್ರಕ್ಕೆ ಕೈ ಹಾಕುವ ಮೊದಲು ಸಾಲು ಎಣಿಸಿ. ನಾವು ಹಬ್ಬದ ಎರಡು ಬಗೆ ತೆಗೆದೆವು, ದರ್ಜೆಯ ಗೋಡೆಗಳನ್ನು ಒಡೆದೆವು.

ಗೋಡೆ ಒಡೆದರೆ ಅನ್ಯಾಯದ ಮ್ಯಾಚ್ ಆಗುವುದಿಲ್ಲವಾ ಎಂದು ಕೇಳುತ್ತೀರಿ. ನಮ್ಮ ಆಫೀಸಿನಲ್ಲೂ ಕೇಳಿದರು. ಆಗ ನಾನು ಕುಸ್ತಿಯ ಉದಾಹರಣೆ ಕೊಟ್ಟೆ.

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಗೊತ್ತು, ಕಣದಲ್ಲಿ ಜೋಡಿ ಹಚ್ಚುವ ಹಿರಿಯರು ಇರುತ್ತಾರೆ. ಚಿಕ್ಕವನಿದ್ದಾಗ ಅಜ್ಜನ ಹೆಗಲ ಮೇಲೆ ಕೂತು ನೋಡಿದ್ದೇನೆ. ಹುಡುಗರು ಅಂಗಿ ಕಳಚಿ ಸಾಲಾಗಿ ನಿಲ್ಲುತ್ತಾರೆ. ಹಿರಿಯರು ಮೈಕಟ್ಟು ನೋಡುತ್ತಾರೆ, ಯಾವ ತಾಲೀಮಿನವನು, ವಸ್ತಾದ ಯಾರು, ಹೋದ ಜಾತ್ರೆಯಲ್ಲಿ ಯಾರ ಜೊತೆ ಹಿಡಿದ ಎಂದು ಕೇಳುತ್ತಾರೆ, ಆಮೇಲೆ ಇಬ್ಬರನ್ನು ಕರೆದು ಕೈಗೆ ಕೈ ಕೊಡಿಸುತ್ತಾರೆ. ಸರಿಸಮ ಜೋಡಿ ಇಲ್ಲದ ಹುಡುಗನಿಗೆ ಸ್ವಲ್ಪ ತಡಿ ಅನ್ನುತ್ತಾರೆ. ಹೊತ್ತು ಇಳಿಯತೊಡಗಿದಾಗ ಅವನನ್ನೇ ಕರೆದು, ನಾಲ್ಕು ಕಿಲೋ ಜಾಸ್ತಿ ಇರುವವನ ಜೊತೆ ಹಿಡಿಯುತ್ತೀಯಾ ಎನ್ನುತ್ತಾರೆ. ಹಿಡಿಯದೆ ವಾಪಸ್ ಹೋಗುವುದಕ್ಕಿಂತ ಅದೇ ಮೇಲು ಎಂದು ಅವನೂ ಇಳಿಯುತ್ತಾನೆ. ಆದರೆ ಮೊದಲ ಸಲ ಕಣಕ್ಕೆ ಬಂದ ಪುಟ್ಟ ಹುಡುಗನನ್ನು ಮಾತ್ರ, ಎಷ್ಟೇ ಹೊತ್ತಾಗಲಿ, ದೊಡ್ಡ ಪೈಲ್ವಾನನ ಮುಂದೆ ನಿಲ್ಲಿಸುವುದಿಲ್ಲ.

ನಮಗೆ ಬೇಕಾದ ನಿಯಮ ಪೂರ್ತಿ ಇದರಲ್ಲೇ ಇತ್ತು.

ರೇಟಿಂಗ್ ಲೆಕ್ಕದ ಮೂಲ ಚೆಸ್‌ನದು. ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾಡ್ ಎಲೋ ಮಾಡಿದ ಪದ್ಧತಿಯನ್ನು ಅಲ್ಲಿನ ಚೆಸ್ ಫೆಡರೇಶನ್ 1960ರಲ್ಲಿ, ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 1970ರಲ್ಲಿ ಒಪ್ಪಿಕೊಂಡವು. ಅದರ ಪ್ರಕಾರ ಇಬ್ಬರ ನಡುವೆ 200 ಅಂಕ ವ್ಯತ್ಯಾಸ ಇದ್ದರೆ ಮೇಲಿನವನು ನೂರಕ್ಕೆ 76ರಷ್ಟು ಪಾಯಿಂಟ್ ಗಳಿಸಬೇಕು, 400 ಇದ್ದರೆ 91ರಷ್ಟು. ಅಂದರೆ 200ರ ತನಕ ಆಟದಲ್ಲಿ ಜೀವ ಇರುತ್ತದೆ, 400ಕ್ಕೆ ಹೋದರೆ ಒಬ್ಬ ಬರೀ ಸೋಲಲು ಬಂದಂತೆ. ಹೊಸಬರ ವಿಷಯ ಬೇರೆ. ಅವರ ಅಂಕ ನಿಜವಾದ ಅಂಕವೇ ಅಲ್ಲ, ಊಹೆ. ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ಕೊಟ್ಟ ಗ್ಲಿಕೋ ಪದ್ಧತಿ ಅಂಕದ ಜೊತೆ 'ನಮಗೆ ಎಷ್ಟು ಖಾತ್ರಿ ಇಲ್ಲ' ಎನ್ನುವ ಇನ್ನೊಂದು ಸಂಖ್ಯೆಯನ್ನೂ ಇಡುತ್ತದೆ. ಹೊಸಬನಿಗೆ 1500 ಅಂಕ, ಖಾತ್ರಿ ಇಲ್ಲದಿರುವಿಕೆ 350. ಆಡಿದಂತೆಲ್ಲ ಅದು ಇಳಿಯುತ್ತದೆ. ಎಕ್ಸ್‌ಬಾಕ್ಸ್‌ಗಾಗಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಮಾಡಿದ ಟ್ರೂಸ್ಕಿಲ್ ಎಂಬ ರೇಟಿಂಗ್ ಪದ್ಧತಿಯಲ್ಲೂ ಇದೇ ದಾರಿ, ಜೊತೆಗೆ ತಂಡವಾಗಿ ಆಡುವವರ ಲೆಕ್ಕವೂ ಇದೆ.

ನಾವು ಮಾಡಿದ್ದು ಇಷ್ಟು. ಆಟಗಾರ ಒತ್ತಿದ ಕೂಡಲೇ ಅವನ ಆಚೀಚೆ 50 ಅಂಕದೊಳಗೆ ಹುಡುಕುತ್ತೇವೆ. ಹತ್ತು ಸೆಕೆಂಡ್ ಆದರೆ 100. ಹಾಗೇ ಹಿಗ್ಗುತ್ತಾ 250ಕ್ಕೆ ನಿಲ್ಲುತ್ತದೆ. ಈ ಹುಡುಕುವ ಅಂತರವೇ ಅವನ ಕಿಟಕಿ. ಕೇಳಲು ಸಲೀಸು. ಕಷ್ಟ ಬಂದದ್ದು ಇನ್ನೊಂದು ಕಡೆಯಿಂದ. ನಲವತ್ತು ಸೆಕೆಂಡ್ ಕಾದವನ ಕಿಟಕಿ ದೊಡ್ಡದಾಗಿದೆ, ಈಗಷ್ಟೇ ಬಂದವನ ಕಿಟಕಿ ಸಣ್ಣದು. ಯಾರದನ್ನು ಹಿಡಿಯಬೇಕು? ಸಣ್ಣದನ್ನು ಹಿಡಿದರೆ ಕಾದವನು ಕಾಯುತ್ತಲೇ ಇರುತ್ತಾನೆ, ಯಾಕೆಂದರೆ ಬರುವವರೆಲ್ಲ ಈಗಷ್ಟೇ ಬಂದವರೇ. ದೊಡ್ಡದನ್ನು ಹಿಡಿದರೆ ಈಗ ಬಂದವನು ಒಂದೇ ಸೆಕೆಂಡ್‌ನಲ್ಲಿ ತನಗಿಂತ ಎಷ್ಟೋ ಮೇಲಿನವನ ಕೈಗೆ ಸಿಗುತ್ತಾನೆ, ಇನ್ನೈದು ಸೆಕೆಂಡ್ ಬಿಟ್ಟಿದ್ದರೆ ಅವನಿಗೆ ಒಳ್ಳೆಯ ಜೋಡಿ ಸಿಗುತ್ತಿತ್ತು. ಇದರ ಮೇಲೆ ಮೂರು ವಾರ ಜಗಳವಾಡಿದೆವು. ಕೊನೆಗೆ ಕಾದವನ ಕಿಟಕಿಯನ್ನೇ ಹಿಡಿದೆವು, ಆದರೆ ಈಗಷ್ಟೇ ಬಂದವನೂ ಕಡೇಪಕ್ಷ ಐದು ಸೆಕೆಂಡ್ ಸಾಲಿನಲ್ಲಿ ಇದ್ದಿರಬೇಕು, ಇಪ್ಪತ್ತು ಮ್ಯಾಚ್ ಆಡದವನಿಗೆ ಕಿಟಕಿ 100ರ ಆಚೆ ಹಿಗ್ಗಲೇಬಾರದು ಎಂದು ಬರೆದೆವು. ಎರಡನೆಯದು ಆ ಪುಟ್ಟ ಹುಡುಗನ ನಿಯಮ.

ಗುಂಪಿನ ಲೆಕ್ಕ ಇನ್ನೂ ಗಂಟು. ಮೂವರು ಗೆಳೆಯರು ಬರುತ್ತಾರೆ, ಒಬ್ಬನ ಅಂಕ 2000, ಇನ್ನಿಬ್ಬರದು ಸಾವಿರ ಸಾವಿರ. ಸರಾಸರಿ 1333. ಎದುರಿಗೆ 1333ರ ಮೂವರನ್ನು ಹಾಕಿದರೆ ಕಾಗದದ ಮೇಲೆ ಸಮ. ಆಟದಲ್ಲಿ? ಆ ಒಬ್ಬ ಎದುರಿನ ಮೂವರನ್ನೂ ಉರುಳಿಸುತ್ತಾನೆ, ಜೊತೆಗಿರುವ ಇಬ್ಬರು ನೋಡುತ್ತಾ ನಿಲ್ಲುತ್ತಾರೆ. ಆದ್ದರಿಂದ ಗುಂಪಿನ ಅಂಕವನ್ನು ಈಗ ಮೇಲಿನವನ ಕಡೆ ವಾಲಿಸಿ ಲೆಕ್ಕ ಹಾಕುತ್ತೇವೆ. ಎದುರಿಗೂ ಸಾಧ್ಯವಾದಷ್ಟು ಗುಂಪನ್ನೇ ಹಾಕುತ್ತೇವೆ, ಯಾಕೆಂದರೆ ಮಾತಾಡಿಕೊಂಡು ಆಡುವ ಮೂವರಿಗೂ ಪರಿಚಯವೇ ಇಲ್ಲದ ಮೂವರಿಗೂ ತುಂಬಾ ಫರಕು. ಎಷ್ಟು ವಾಲಿಸಬೇಕು ಎನ್ನುವುದನ್ನು ಇನ್ನೂ ತಿದ್ದುತ್ತಲೇ ಇದ್ದೇವೆ.

ಸರ್ವರ್ ವಿಷಯದಲ್ಲಿ ಕೋಡ್‌ನ ಒಂದು ಹಳೆಯ ನಿಯಮ ಸಿಕ್ಕಿತು. ಕರ್ನಾಟಕದ ಆಟಗಾರ ಎಂದರೆ ಹೈದರಾಬಾದ್ ಸರ್ವರ್. ಬೀದರ್‌ನವರಿಗೆ ಇದು ಸರಿ, ಹೈದರಾಬಾದ್ ಅವರಿಗೆ 150 ಕಿಲೋಮೀಟರ್ ಕೂಡ ಇಲ್ಲ. ಬೆಳಗಾವಿಯವರಿಗೆ ಮುಂಬೈ ಹತ್ತಿರ. ಆದರೆ ನಕಾಶೆಯನ್ನೂ ನಂಬಬಾರದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಹಾಗಾಗಿ 500 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು 5 ಮಿಲಿಸೆಕೆಂಡ್ ಸಾಕು. ಮೊಬೈಲ್‌ನಲ್ಲಿ ಯಾವತ್ತಾದರೂ 5 ನೋಡಿದ್ದೀರಾ? ಟವರ್‌ನಲ್ಲಿ ಒಂದಷ್ಟು ಹೊತ್ತು ಹೋಗುತ್ತದೆ, ಮತ್ತೆ ಕಂಪನಿಯವರ ಕೇಬಲ್ ಯಾವ ಊರು ಸುತ್ತಿ ಬರುತ್ತದೋ ಅದರ ಮೇಲೆ ಉಳಿದದ್ದು. ಒಂದೇ ಓಣಿಯಲ್ಲಿ ಎರಡು ಸಿಮ್‌ಗೆ ಎರಡು ಲೆಕ್ಕ. ಈಗ ಗೇಮ್ ತೆರೆದ ಕೂಡಲೇ ಫೋನೇ ಎರಡೂ ಸರ್ವರ್‌ಗೆ ಪಿಂಗ್ ಎಂಬ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆದು ಹೇಳುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದರೆ ಆ ಆಟಗಾರನನ್ನು ಎರಡೂ ಸಾಲಿನಲ್ಲಿ ನಿಲ್ಲಿಸುತ್ತೇವೆ, ಎಲ್ಲಿ ಮೊದಲು ಜೋಡಿ ಸಿಗುತ್ತದೋ ಅಲ್ಲಿ.

ಇದೆಲ್ಲ ಹೊರಗೆ ಬಿಟ್ಟ ಮೊದಲ ವಾರ ಸರಾಸರಿ ಕಾಯುವ ಸಮಯ 14ರಿಂದ 19 ಸೆಕೆಂಡಿಗೆ ಏರಿತು. ಗೆರೆ ಕೆಂಪಾಯಿತು. ಹಳೆಯದಕ್ಕೆ ವಾಪಸ್ ಹಾಕು ಎಂದು ಮೇಲಿನವರಿಂದ ರಾತ್ರಿಯೇ ಫೋನ್ ಬಂತು. ನಾನು ಒಪ್ಪಲಿಲ್ಲ. ಕೈ ನಡುಗುತ್ತಿತ್ತು, ಆದರೂ ಬೆಳಗ್ಗೆ ಹತ್ತು ಗಂಟೆಯ ತನಕ ಬಿಡಿ ಎಂದೆ. ಬೆಳಗ್ಗೆ ಒಂದೇ ಹಾಳೆ ತೋರಿಸಿದೆ, 'ಆಡು' ಒತ್ತಿದವರಲ್ಲಿ ಎಷ್ಟು ಜನ ನಿಜವಾಗಿ ಆಡಿದರು ಎನ್ನುವುದು. ಅದು ಏರಿತ್ತು. ಮೊದಲು ಕಾದು ಕಾದು ಹೋಗುತ್ತಿದ್ದವರಿಗೆ ಈಗ ಮೂವತ್ತು, ಮೂವತ್ತೈದು ಸೆಕೆಂಡ್‌ಗೆ ಮ್ಯಾಚ್ ಸಿಗುತ್ತಿತ್ತು, ಅವರು ಈಗ ಸರಾಸರಿಯ ಒಳಗೆ ಬಂದಿದ್ದರು. ಸರಾಸರಿ ಏರಿದ್ದು ಅವರಿಂದ. ಯಾವ ಆಟಗಾರನೂ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬಿದ್ದಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ರಾತ್ರಿ ಒಂಬತ್ತರ ಜನರಿಗೆ ಒಂದೆರಡು ಸೆಕೆಂಡ್ ಜಾಸ್ತಿಯಾಗಿತ್ತು. ಅದನ್ನೂ ಹೇಳಿದೆ. ಆವತ್ತಿನಿಂದ ಆ ಹಳೆಯ ಗೆರೆ ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲ.

ಇದೇ ಹೊತ್ತಿಗೆ ಬಾಟ್, ಅಂದರೆ ಮನುಷ್ಯರ ಬದಲು ಆಡುವ ಪ್ರೋಗ್ರಾಂ, ಹಾಕಿ ಸಾಲು ತುಂಬಿಸೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಬಂತು. ನಾನು ಬೇಡ ಎಂದೆ, ಈಗಲೂ ಬೇಡ ಎನ್ನುತ್ತೇನೆ. ಮನುಷ್ಯನನ್ನು ಸೋಲಿಸಿದೆ ಎಂದುಕೊಂಡು ಕುಣಿದ ಹುಡುಗನಿಗೆ ಅದು ಯಂತ್ರ ಎಂದು ಒಂದು ದಿನ ಗೊತ್ತಾದರೆ, ಅವನ ಹಿಂದಿನ ಗೆಲುವುಗಳೂ ಹೋದವು ಅಲ್ವಾ? ಕೊನೆಗೆ, ಬಾಟ್ ಇರಲಿ, ಹೆಸರಿನ ಮುಂದೆ ಬಾಟ್ ಎಂದೇ ಬರೆಯಿರಿ, ಕಾಯುವ ಹೊತ್ತಿನಲ್ಲಿ ಅಭ್ಯಾಸಕ್ಕೆ ಎಂದು ಕೊಡಿ ಎಂದು ತೀರ್ಮಾನವಾಯಿತು. ಅದಕ್ಕೆ ನನಗೆ ತಕರಾರಿಲ್ಲ. ಎಷ್ಟು ಹೊತ್ತು ಕಾಯಬೇಕಾಗಬಹುದು ಎಂದು ಪರದೆಯ ಮೇಲೆ ನಿಜ ಹೇಳತೊಡಗಿದ್ದೂ ಆಗಲೇ.

ಈಗ ಕೈಯಲ್ಲಿರುವ ಕೆಲಸ, ರದ್ದು ಒತ್ತದೆಯೇ ಮಾಯವಾಗುವವರದ್ದು. ಸಾಲಿನಲ್ಲಿ ನಿಂತಿರುತ್ತಾರೆ, ಏಕಾಏಕಿ ಸಂಪರ್ಕ ಕಡಿಯುತ್ತದೆ. ಲಾಗ್‌ನಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ಕೆಲವರು ಬೇಸತ್ತು ಗೇಮ್ ಮುಚ್ಚಿದವರು. ಕೆಲವರಿಗೆ ಫೋನ್ ಬಂದಿದೆ. ಕೆಲವರ ಮನೆಯಲ್ಲಿ ಕರೆಂಟ್ ಹೋಗಿ ವೈಫೈ ಬಿದ್ದಿದೆ, ಮಳೆಗಾಲದಲ್ಲಿ ಖಾನಾಪುರದ ಕಡೆ ಇದು ದಿನದ ಮಾತು. ಎರಡು ನಿಮಿಷದೊಳಗೆ ಬೇರೆ ನೆಟ್‌ವರ್ಕ್‌ನಿಂದ ವಾಪಸ್ ಬಂದವರನ್ನು ಮೊದಲು ಬೇರೆ ಮಾಡುತ್ತಿದ್ದೇನೆ, ಅವರಿಗೆ ಸಾಲಿನಲ್ಲಿದ್ದ ಅವರ ಹಳೆಯ ಜಾಗವನ್ನೇ ಕೊಡಬೇಕು. ಉಳಿದವರಲ್ಲಿ ಯಾರು ಬೇಸತ್ತು ಹೋದವರು ಎಂದು ತಿಳಿಯಲು ಗೋಕಾಕಿನ ಹುಡುಗನನ್ನೇ ಮೊನ್ನೆ ಕೇಳಿದೆ. ಅವನೂ ಅವನ ಇಬ್ಬರು ಗೆಳೆಯರೂ ಒಂದು ವಾರ, ಗೇಮ್ ಮುಚ್ಚಿದಾಗಲೆಲ್ಲ ಯಾಕೆ ಮುಚ್ಚಿದೆವು ಎಂದು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದು ಕಳಿಸಲು ಒಪ್ಪಿದ್ದಾರೆ. ಇವತ್ತು ಮೂರು ಬಂದಿವೆ.