ಡ್ರಾಫ್ಟ್ ಮಾಡಿದ ಆಟಗಾರನ ಮೇಲಿನ ಹಕ್ಕಿಗೆ ಗಡುವು ಯಾಕೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಒಂದು ಸಿಮ್ಯುಲೇಷನ್ ಐಸ್ ಹಾಕಿ ಲೀಗಿನಲ್ಲಿ ತಂಡ ನಡೆಸುತ್ತೇನೆ. ಅಲ್ಲಿ ನಿಯಮಗಳನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಡ್ರಾಫ್ಟ್ ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಹೊಸಬರಿರಲಿ ಹಳಬರಿರಲಿ, ನನ್ನನ್ನು ಕೇಳುವುದು ಒಂದೇ: "ಡ್ರಾಫ್ಟ್ ಮಾಡಿದ ಮೇಲೆ ಆ ಆಟಗಾರ ನಮ್ಮವನೇ ಅಲ್ವಾ? ಸುಮ್ನೆ ಗಡುವು ಯಾಕೆ ತರ್ತೀರಿ?"

ಗಡುವು ಬೇಕೇ ಬೇಕು ಅನ್ನುವುದು ನನ್ನ ಉತ್ತರ. ಆದರೆ ಅದು ಇನ್ನು ಮುಂದೆ ಡ್ರಾಫ್ಟ್ ಆಗುವವರಿಗೆ ಮಾತ್ರ ಇರಬೇಕು. ಈಗಾಗಲೇ ಕೈಯಲ್ಲಿರುವ ಹಕ್ಕುಗಳನ್ನು ಮುಟ್ಟಬಾರದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮಲ್ಲಿ ಒಬ್ಬೊಬ್ಬರೂ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನ ಒಂದೊಂದು ತಂಡದ ಜನರಲ್ ಮ್ಯಾನೇಜರ್ (ಜಿಎಂ). ಆಟಗಾರರ ಹೆಸರುಗಳೆಲ್ಲ ನಿಜವಾದವು, ಪಂದ್ಯ ಆಡಿಸುವುದು ಸಾಫ್ಟ್‌ವೇರ್. ಐಪಿಎಲ್ ಹರಾಜಿನಲ್ಲಿ ಕೊಂಡವನು ಮುಂದಿನ ಸೀಸನ್ನಿನಲ್ಲೇ ಪ್ಯಾಡ್ ಕಟ್ಟಿಕೊಂಡು ಇಳಿಯಬಹುದು. ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಆರಿಸುವುದು ಹೆಚ್ಚಾಗಿ 18 ವರ್ಷದ ಹುಡುಗರನ್ನು. 7 ರೌಂಡು, 32 ತಂಡ. ಆರಿಸಿದ ಕೂಡಲೇ ತಂಡಕ್ಕೆ ಸಿಗುವುದು ಆ ಹುಡುಗನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಅಷ್ಟೇ. ಅವನು ಆಡಲು ಬರುವುದು ಮುಂದೆ ಯಾವತ್ತೋ.

ಆ ಹಕ್ಕು ಎಷ್ಟು ದಿನ ಅನ್ನುವುದು ಬಹಳ ಕಾಲ ಹುಡುಗ ಎಲ್ಲಿಂದ ಬಂದ ಅನ್ನುವುದರ ಮೇಲೆ ನಿಂತಿತ್ತು. ಕೆನಡಾದ ಜೂನಿಯರ್ ಲೀಗಿನವನಾದರೆ ಎರಡು ವರ್ಷ. ಅಮೆರಿಕದ ಕಾಲೇಜಿನಲ್ಲಿ ಆಡುವವನಾದರೆ ಸಾಮಾನ್ಯವಾಗಿ ಓದು ಮುಗಿಯುವ ವರ್ಷದ ಆಗಸ್ಟ್ 15ರವರೆಗೆ. ಸಿಮ್ ಲೀಗಿನಲ್ಲಿ ಇದನ್ನು ಹಾಗೇ ಇಳಿಸಿಕೊಂಡರೆ ಸಾಕಿತ್ತು. ಈಗ ಸಾಲದು. 2024ರ ನವೆಂಬರಿನಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಕೆನಡಾದ ಜೂನಿಯರ್ ಆಟಗಾರರಿಗೂ ಬಾಗಿಲು ತೆರೆಯಿತು. 2025ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಪೋರ್ಟರ್ ಮಾರ್ಟೋನ್ ಕೆನಡಾದ ಜೂನಿಯರ್ ತಂಡ ಬ್ರಾಂಪ್ಟನ್ ಸ್ಟೀಲ್‌ಹೆಡ್ಸ್‌ನ ಹುಡುಗ. 2025ರಲ್ಲಿ ಎನ್‌ಎಚ್‌ಎಲ್‌ನ ಫಿಲಡೆಲ್ಫಿಯಾ ತಂಡ ಅವನನ್ನು 6ನೆಯವನಾಗಿ ಆರಿಸಿತು. ಆಮೇಲೆ ಅವನು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಹಳೆಯ ನಿಯಮ ಹಿಡಿದು ಕೂತ ಸಿಮ್ ಲೀಗಿನಲ್ಲಿ ಇವನನ್ನು ಜೂನಿಯರ್ ಅನ್ನಬೇಕೋ, ಕಾಲೇಜು ಹುಡುಗ ಅನ್ನಬೇಕೋ? ಅದಕ್ಕೇ ಎಲ್ಲಿಂದ ಬಂದರೂ ನಾಲ್ಕು ವರ್ಷ ಅನ್ನುವ ಒಂದೇ ಗಡುವು ಇರಲಿ ಅನ್ನುತ್ತೇನೆ.

"ಗಡುವೇ ಬೇಡ, ಹಕ್ಕು ಶಾಶ್ವತವಾಗಿರಲಿ" ಅನ್ನುವವರೂ ಇದ್ದಾರೆ. ಅವರಿಗೆ ಜಿಮ್ಮಿ ವೀಸಿಯ ಕಥೆ ನೆನಪಿಸುತ್ತೇನೆ. 2012ರಲ್ಲಿ ನ್ಯಾಶ್‌ವಿಲ್ ತಂಡ ಅವನನ್ನು ಮೂರನೇ ರೌಂಡಿನಲ್ಲಿ ಆರಿಸಿತ್ತು. ಅವನು ಹಾರ್ವರ್ಡ್‌ನಲ್ಲಿ ನಾಲ್ಕು ವರ್ಷ ಆಡಿದ, ನ್ಯಾಶ್‌ವಿಲ್ ಜೊತೆ ಸಹಿ ಹಾಕಲಿಲ್ಲ. 2016ರ ಜೂನಿನಲ್ಲಿ ಬಫಲೋ ತಂಡ ಒಂದು ಮೂರನೇ ರೌಂಡ್ ಪಿಕ್ (ಆ ರೌಂಡಿನಲ್ಲಿ ಒಬ್ಬನನ್ನು ಆರಿಸುವ ಸರದಿ) ಕೊಟ್ಟು ಅವನ ಹಕ್ಕು ಕೊಂಡಿತು. ಅಲ್ಲಿಗೂ ಅವನು ಹೋಗಲಿಲ್ಲ. ಆಗಸ್ಟ್ 15 ದಾಟಿತು, ನ್ಯೂಯಾರ್ಕ್ ರೇಂಜರ್ಸ್ ಸೇರಿಕೊಂಡ. ನಿಜವಾದ ಆಟಗಾರ ಹೀಗೆ "ಒಲ್ಲೆ" ಅನ್ನಬಲ್ಲ. ಅದರಿಂದ ಬೇರೆ ತಂಡಗಳಿಗೂ ಒಂದು ಅವಕಾಶ ಸಿಗುತ್ತದೆ. ನಮ್ಮ ಲೀಗಿನ ವೀಸಿ ಏನೂ ಹೇಳಲಾರ, ನಮ್ಮ ಲೆಕ್ಕದ ಹಾಳೆಯಲ್ಲಿ ಅವನದು ಒಂದು ಸಾಲು. ಗಡುವಿಲ್ಲದಿದ್ದರೆ ಒಬ್ಬ ಜಿಎಂ ಹತ್ತು ವರ್ಷ ಅವನನ್ನು ಆಡಿಸದೆ, ಬಿಟ್ಟೂ ಕೊಡದೆ ಕೂರಬಹುದು. ಸೋತು ಸುಣ್ಣವಾದ ತಂಡವನ್ನು ವಹಿಸಿಕೊಳ್ಳಲು ಬರುವ ಹೊಸಬನಿಗೆ ಹೊರಗೆ ಒಂದು ಒಳ್ಳೆಯ ಹೆಸರೂ ಸಿಗುವುದಿಲ್ಲ. ಅವನು ಒಂದು ಸೀಸನ್ ನೋಡಿ ಹೊರಟುಹೋಗುತ್ತಾನೆ. ಜನ ಹೋದರೆ ಲೀಗೂ ಹೋಯಿತು. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದೇ.

ಹಾಗಂತ ನಾಲ್ಕು ವರ್ಷವನ್ನು ಕಣ್ಣುಮುಚ್ಚಿ ಹಾಕಲೂ ಆಗದು, ಅದರಲ್ಲೂ ಗೋಲ್‌ಕೀಪರುಗಳ ವಿಷಯದಲ್ಲಿ. ಇಗೊರ್ ಶೆಸ್ಟರ್ಕಿನ್, ಇಲ್ಯಾ ಸೊರೊಕಿನ್ ಇಬ್ಬರೂ 2014ರಲ್ಲಿ ಡ್ರಾಫ್ಟ್ ಆದವರು. ಶೆಸ್ಟರ್ಕಿನ್ ರೇಂಜರ್ಸ್‌ಗೆ ಸಹಿ ಹಾಕಿದ್ದು 2019ರಲ್ಲಿ, ಸೊರೊಕಿನ್ ಐಲ್ಯಾಂಡರ್ಸ್‌ಗೆ 2020ರ ಜುಲೈನಲ್ಲಿ. ಅಲ್ಲಿಯವರೆಗೆ ಇಬ್ಬರೂ ರಷ್ಯಾದಲ್ಲೇ ಆಡುತ್ತಿದ್ದರು. ರಷ್ಯಾದ ಜೊತೆ ಎನ್‌ಎಚ್‌ಎಲ್‌ಗೆ ವರ್ಗಾವಣೆ ಒಪ್ಪಂದ ಇರಲಿಲ್ಲ, ಹಾಗಾಗಿ ಅವರ ಹಕ್ಕಿಗೆ ಗಡುವೂ ಇರಲಿಲ್ಲ. ನಾಲ್ಕೇ ವರ್ಷ ಅಂದಿದ್ದರೆ ಇಬ್ಬರೂ ಕೈತಪ್ಪುತ್ತಿದ್ದರು. ಆರು ಅಂದು, ಜೂನ್ 1ಕ್ಕೆ ಲೆಕ್ಕ ಮುಗಿಸಿದ್ದರೂ ಸೊರೊಕಿನ್ ಕೆಲವೇ ವಾರಗಳಲ್ಲಿ ಜಾರಿಹೋಗುತ್ತಿದ್ದ. ವರ್ಷ ಹೆಚ್ಚು ಮಾಡುತ್ತಾ ಹೋದರೆ ಇದು ಬಗೆಹರಿಯುವುದಿಲ್ಲ. ಆಟಗಾರ ರಷ್ಯಾದ ಲೀಗಿನ ಒಪ್ಪಂದದಲ್ಲಿ ಇರುವಷ್ಟು ದಿನ ಗಡುವನ್ನು ತಡೆಹಿಡಿಯಬೇಕು. ಒಪ್ಪಂದ ಮುಗಿದ ಮೇಲೆ ಮುಂದಿನ ಲೆಕ್ಕ.

ಇನ್ನು ಹಳೆಯ ಪಿಕ್‌ಗಳು, ಅಂದರೆ ಈಗಾಗಲೇ ಆರಿಸಿರುವ ಹುಡುಗರು. ಒಬ್ಬ ಜಿಎಂ ತನ್ನ ಮೊದಲ ರೌಂಡ್ ಪಿಕ್ ಜೊತೆಗೆ ಒಬ್ಬ ಒಳ್ಳೆಯ ಸೆಂಟರನ್ನೂ (ಮುಂಚೂಣಿಯ ನಡುವಿನ ಆಟಗಾರ) ಕೊಟ್ಟು ಒಬ್ಬ ಹುಡುಗನ ಹಕ್ಕು ತೆಗೆದುಕೊಂಡಿದ್ದಾನೆ ಅನ್ನಿ. ನಿಧಾನವಾಗಿ ಕಾಯಬಹುದು ಅಂತಲೇ ಅಷ್ಟು ಬೆಲೆ ಕೊಟ್ಟಿದ್ದಾನೆ. ಈಗ ನಾವು ಹೋಗಿ "ಮುಂದಿನ ಜೂನಿಗೆ ನಿನ್ನ ಹಕ್ಕು ಮುಗಿಯಿತು" ಅಂದರೆ ಅದು ಅನ್ಯಾಯ. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ಹಾಳೆಯಲ್ಲಿ ಪ್ರತಿ ಹೆಸರಿನ ಮುಂದೆ ಡ್ರಾಫ್ಟ್ ಆದ ವರ್ಷ, ಹಕ್ಕು ಮುಗಿಯುವ ತಾರೀಖು ಎರಡನ್ನೂ ಬರೆದರೆ ಸಾಕು, ಹಳೆಯದು ಯಾವುದು ಹೊಸದು ಯಾವುದು ಅಂತ ಗೊತ್ತಾಗುತ್ತದೆ. ಟ್ರೇಡ್ ಆದರೆ, ಅಂದರೆ ತಂಡಗಳು ಅದಲುಬದಲು ಮಾಡಿಕೊಂಡರೆ, ಆ ತಾರೀಖು ಬದಲಾಗಬಾರದು. ಬದಲಾಗುವುದಾದರೆ ಇಬ್ಬರು ಗೆಳೆಯರು ಒಬ್ಬನೇ ಹುಡುಗನನ್ನು ವರ್ಷಕ್ಕೊಮ್ಮೆ ಆ ಕಡೆ ಈ ಕಡೆ ದಾಟಿಸಿ, ಗಡುವು ಬರದ ಹಾಗೆ ನೋಡಿಕೊಳ್ಳಬಹುದು.

ಹಕ್ಕು ಮುಗಿದವರು ಎಲ್ಲಿಗೆ ಹೋಗಬೇಕು ಅಂತಲೂ ಕೇಳುತ್ತಾರೆ. ಮೊದಲು ಕೇಳಿದವರಿಗೆ ಕೊಡೋಣ ಅಂದರೆ ನಾನು ಒಪ್ಪುವುದಿಲ್ಲ. ಟೊರಾಂಟೊದಲ್ಲಿ ಜೂನ್ ತಿಂಗಳ ನಡುರಾತ್ರಿ ಅಂದರೆ ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆ. ಕೆನಡಾದವರು ನಿದ್ದೆಯಲ್ಲಿರುವಾಗ ನಾನು ಕಾಫಿ ಕುಡಿಯುತ್ತಾ ಎಲ್ಲರನ್ನೂ ಎತ್ತಿಕೊಂಡುಬಿಡಬಹುದು. ಆ ಹೆಸರುಗಳೆಲ್ಲ ಮುಂದಿನ ಡ್ರಾಫ್ಟಿಗೆ ಹೋಗಲಿ. ಮೊದಲ ರೌಂಡಿನವನನ್ನು ಕಳೆದುಕೊಂಡ ತಂಡಕ್ಕೆ ಎನ್‌ಎಚ್‌ಎಲ್‌ನಲ್ಲಿ ಕೊಡುವ ಹಾಗೆ ಎರಡನೇ ರೌಂಡಿನಲ್ಲಿ ಒಂದು ಪಿಕ್ ಸಿಗಲಿ.