ಕುಂದಾಪುರದಿಂದ ಮುಳ್ಳಯ್ಯನಗಿರಿ: ಎತ್ತರದ ನಕ್ಷೆಗೆ ಬಣ್ಣ ಕೂರಿಸಿದ ಲೆಕ್ಕ

ಕುಂದಾಪುರದ ಕಡಲಿನಿಂದ ಮುಳ್ಳಯ್ಯನಗಿರಿಯವರೆಗೆ ಒಂದೇ ಹಾಳೆಯಲ್ಲಿ ಎತ್ತರದ ಬಣ್ಣದ ನಕ್ಷೆ, ಕೆಲಸ ಇಷ್ಟೇ. ದತ್ತಾಂಶ ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ನೆಲದ ಎತ್ತರ) 2.1ನೇ ಆವೃತ್ತಿ, ಡಿಗ್ರಿಯ 3600ರಲ್ಲಿ 3 ಭಾಗ, ಅಂದರೆ 3 ಆರ್ಕ್‌ಸೆಕೆಂಡಿನದು. ಪಿಕ್ಸೆಲ್ ಒಂದಕ್ಕೆ ಸುಮಾರು 90 ಮೀಟರ್. ಬೇಕಾದ ಟೈಲ್ (ಒಂದು ಡಿಗ್ರಿ ಚೌಕದ ತುಂಡು) ಎರಡು: ಎನ್13ಇ074 ಮತ್ತು ಎನ್13ಇ075. ಒಂದೊಂದೂ 1201 × 1201 ಪಿಕ್ಸೆಲ್. ಅಂಚಿನ ಕಾಲಂ ಎರಡರಲ್ಲೂ ಇರುವುದರಿಂದ ಜೋಡಿಸಿದ ಮೇಲೆ 2401 × 1201 ಬರಬೇಕು. ಒಂದು ಕಡತದ ಗಾತ್ರ 28,84,802 ಬೈಟ್. ಇದಕ್ಕಿಂತ ಕಡಿಮೆ ಇದ್ದರೆ ಡೌನ್‌ಲೋಡ್ ಅರ್ಧಕ್ಕೇ ನಿಂತಿದೆ. ಕಡತದ ಹೆಸರು ಮಾತ್ರ ಬದಲಿಸಬೇಡಿ. ಎಚ್‌ಜಿಟಿಗೆ (ಈ ಟೈಲ್ ಕಡತದ ಮಾದರಿ) ತನ್ನ ವಿವರ ಹೇಳುವ ಹೆಡರ್ ಇಲ್ಲ, ನಕ್ಷೆ ದತ್ತಾಂಶದ ಉಪಕರಣಗಳ ಕಟ್ಟು ಜಿಡಾಲ್ ಅಕ್ಷಾಂಶ ರೇಖಾಂಶ ತಿಳಿಯುವುದು ಆ ಹೆಸರಿನಿಂದಲೇ.

ಮೊದಲ ಸುತ್ತಿನಲ್ಲಿ ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ತೋರಿಸಿದ್ದು ಒಂದೇ ಬಣ್ಣದ ಹಾಳೆ. ಕಡಲೂ ಬಿಳಿ, ಕುದುರೆಮುಖವೂ ಬಿಳಿ, ಅಲ್ಲಲ್ಲಿ ಕಪ್ಪು ಚುಕ್ಕೆ. ಬಣ್ಣದ ರ‍್ಯಾಂಪ್ (ಎತ್ತರಕ್ಕೆ ಬಣ್ಣ ಹಂಚುವ ಪಟ್ಟಿ) ಬದಲಿಸಿ ನೋಡಿದರೆ ಬಿಳಿಯ ಬದಲು ಕೆಂಪು, ಅಷ್ಟೇ. ಇಂಥ ಹೊತ್ತಲ್ಲಿ ರ‍್ಯಾಂಪ್ ಮುಟ್ಟುವ ಮೊದಲು ಐಡೆಂಟಿಫೈ ಉಪಕರಣ ಹಿಡಿದು ಆ ಕಪ್ಪು ಚುಕ್ಕೆಯ ಮೇಲೆ ಒತ್ತಬೇಕು. ಬಂದ ಸಂಖ್ಯೆ -32768. ಕಡಿದಾದ ಕಣಿವೆಯಲ್ಲಿ ರೇಡಾರ್ ನೆರಳು ಬಿದ್ದು ಅಳತೆ ಸಿಗದ ಜಾಗಕ್ಕೆ ಎಸ್‌ಆರ್‌ಟಿಎಂ ಇಡುವ ಗುರುತು ಅದು. ಅದನ್ನೂ ಎತ್ತರವೆಂದೇ ಎಣಿಸಿದರೆ ರ‍್ಯಾಂಪ್ -32768ರಿಂದ 1900ರವರೆಗೆ ಹಿಗ್ಗುತ್ತದೆ, ನಿಜವಾದ ನೆಲವೆಲ್ಲ ಕೊನೆಯ ಶೇ. 5.5ರಲ್ಲಿ ಮುದುಡಿ ಕೂರುತ್ತದೆ.

ತಪ್ಪಾದದ್ದು ಜೋಡಿಸುವಾಗ. ಜಿಡಾಲ್_ಮರ್ಜ್ ಮೂಲ ಟೈಲ್‌ಗಳ ನೋಡೇಟಾ ಗುರುತನ್ನು, ಅಂದರೆ ಯಾವ ಸಂಖ್ಯೆ ಅಳತೆಯಲ್ಲ ಎಂಬ ಸೂಚನೆಯನ್ನು, ತಾನಾಗಿ ಮುಂದಕ್ಕೆ ಒಯ್ಯುವುದಿಲ್ಲ, ಬೇರೆಯಾಗಿ ಹೇಳಬೇಕು. ಜಿಡಾಲ್‌ಬಿಲ್ಡ್‌ವಿಆರ್‌ಟಿ ಒಯ್ಯುತ್ತದೆ; ಅದು ಬರೆಯುವ ವಿಆರ್‌ಟಿ ಟೈಲ್‌ಗಳನ್ನು ನಕಲಿಸದೆ ಅವುಗಳತ್ತ ಬೊಟ್ಟು ಮಾಡುವ ಚಿಕ್ಕ ಕಡತ, ಡಿಸ್ಕಿನ ಜಾಗವನ್ನೂ ತಿನ್ನುವುದಿಲ್ಲ. ಎರಡು ಟೈಲ್ ಇರಲಿ, ಇಪ್ಪತ್ತಿರಲಿ, ಇನ್ನು ಅದೇ ಸಾಕು. ಆಗಲೇ ಜೋಡಿಸಿಬಿಟ್ಟ ಕಡತವಿದ್ದರೆ ಜಿಡಾಲ್_ಎಡಿಟ್‌ನಲ್ಲಿ ನೋಡೇಟಾ -32768 ಎಂದು ಬರೆಸಬಹುದು; ಪಿಕ್ಸೆಲ್ ಬದಲಾಗುವುದಿಲ್ಲ, ಗುರುತು ಮಾತ್ರ ಸೇರುತ್ತದೆ. ಇಷ್ಟಾದರೂ ಕನಿಷ್ಠ -32768 ಎಂದೇ ಹಟ ಹಿಡಿದರೆ ಪಕ್ಕದಲ್ಲಿರುವ ಆಕ್ಸ್ ಎಕ್ಸ್‌ಎಂಎಲ್ ಕಡತ ಅಳಿಸಿ ಪದರವನ್ನು ಮತ್ತೆ ಸೇರಿಸಿ. ಹಳೆಯ ಅಂಕಿಅಂಶ ಅಲ್ಲಿ ಅವಿತಿರುತ್ತದೆ.

ಈ ಕೆಲಸ ಮಾಡದೆ ಮುಂದೆ ಹೋದರೆ ರೋಗ ಹರಡುತ್ತದೆ. ಮೀಟರ್ ಲೆಕ್ಕದ ನಿರ್ದೇಶಾಂಕ ಪದ್ಧತಿ ಯುಟಿಎಂ 43 ಉತ್ತರಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ, ಬೈಲಿನಿಯರ್ (ಅಕ್ಕಪಕ್ಕದ ಪಿಕ್ಸೆಲ್ ಸರಾಸರಿ ಹಿಡಿಯುವ) ವಿಧಾನದಲ್ಲಿ ವಾರ್ಪ್ ಮಾಡಿದಾಗ, ಅಂದರೆ ಹಾಳೆಯನ್ನು ಆ ಪದ್ಧತಿಗೆ ಹೊರಳಿಸಿದಾಗ, -32768 ಪಕ್ಕದ 40 ಮೀಟರ್ ಜೊತೆ ಸರಾಸರಿಯಾಗಿ -16364ರಂಥ ಸಂಖ್ಯೆ ಹುಟ್ಟುತ್ತದೆ. ಪ್ರತಿ ತೂತಿನ ಸುತ್ತ ಕಪ್ಪು ಜಾಲರಿ. ಆಮೇಲೆ ನೋಡೇಟಾ ಬರೆಸಿ ಪ್ರಯೋಜನವಿಲ್ಲ, ಆ ಸಂಖ್ಯೆ -32768 ಅಲ್ಲವಲ್ಲ. ಹಾಳೆ ಓರೆಯಾದದ್ದರಿಂದ ಮೂಲೆಗಳಲ್ಲಿ ಉಳಿಯುವ ತ್ರಿಕೋನಗಳಿಗೂ 0 ತುಂಬುತ್ತದೆ, ಚಿಕ್ಕಮಗಳೂರಿನ ಕಡೆಯ ಅಂಚಿಗೆ ಕಡಲಿನ ನೀಲಿ ಬರುತ್ತದೆ. ಇಲ್ಲಿ 0 ಅನ್ನೇ ನೋಡೇಟಾ ಮಾಡೋಣ ಅನ್ನಿಸುವುದು ಸಹಜ. ಮಾಡಬೇಡಿ: ಅರಬ್ಬಿ ಸಮುದ್ರದ ಬೆಲೆಯೂ 0. ಮೂಲದಲ್ಲಿ ಗುರುತು ಸರಿಯಿದ್ದರೆ ವಾರ್ಪ್ ಮೂಲೆಗಳಿಗೂ ಅದನ್ನೇ ಹಾಕುತ್ತದೆ.

ಎರಡನೇ ಸುತ್ತು, ವರ್ಗಗಳು. ಸಮ ಅಂತರದಲ್ಲಿ ಐದು ವರ್ಗ ಎಂದರೆ ಒಂದಕ್ಕೆ 380 ಮೀಟರ್. ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ ಮೂರೂ 380–760ರ ಒಂದೇ ಪಟ್ಟೆಯೊಳಗೆ. ಘಟ್ಟದ ಅಂಚೇ ಕಾಣದ ನಕ್ಷೆ ಯಾರಿಗೆ ಬೇಕು? ಹಾಗಾಗಿ ಗಡಿಗಳನ್ನು ಕೈಯಾರೆ ಕೊಟ್ಟದ್ದು: 0, 100, 300, 600, 900, 1200, 1600.

ಡಿಸ್ಕ್ರೀಟ್ (ಬಣ್ಣ ಬೆರೆಸದೆ ವರ್ಗಕ್ಕೊಂದೇ ಬಣ್ಣ) ಆರಿಸಿದೊಡನೆ ಎಲ್ಲವೂ ಒಂದು ಮೆಟ್ಟಿಲು ಜಾರಿತು. ಕಡಲಿಗೆ ಕರಾವಳಿಯ ಬಣ್ಣ, 1200ರ ಮೇಲಿನ ಇಳಿಜಾರಿಗೆ ಶಿಖರದ ಬಣ್ಣ. ಮುಳ್ಳಯ್ಯನಗಿರಿ, ಕುದುರೆಮುಖಗಳ ನೆತ್ತಿ ಇದ್ದಲ್ಲಿ ತೂತು. ಕ್ಯೂಜಿಐಎಸ್‌ನ ಡಿಸ್ಕ್ರೀಟ್‌ನಲ್ಲಿ ಬರೆಯುವ ಸಂಖ್ಯೆ ವರ್ಗದ ಮೇಲ್ಗಡಿ, ಕೆಳಗಡಿಯಲ್ಲ. ಕೊನೆಯ ಸಂಖ್ಯೆಗಿಂತ ಎತ್ತರದ ಪಿಕ್ಸೆಲ್‌ಗೆ ಬಣ್ಣವೇ ಸಿಗದು. ಈಗ ನಕ್ಷೆಯಲ್ಲಿ ಎರಡು ಬಗೆಯ ತೂತು, ನೋಡಲು ಒಂದೇ ಥರ. ಐಡೆಂಟಿಫೈ ಒತ್ತಿದರೆ ಒಂದು 1800 ಚಿಲ್ಲರೆ ಎನ್ನುತ್ತದೆ, ಇನ್ನೊಂದು ನೋಡೇಟಾ ಎನ್ನುತ್ತದೆ. ಬಣ್ಣಗಳನ್ನು ಒಂದೊಂದು ಸಾಲು ಸರಿಸಿ, 0ಗೆ ಕಡಲಿನ ನೀಲಿ ಕೊಟ್ಟು, ಕೊನೆಗೆ ಇನ್ಫಿನಿಟಿಯ ಒಂದು ಸಾಲು ಸೇರಿಸಿದ ಮೇಲೆ ನೆತ್ತಿ ಮರಳಿತು.

ಇದೇ ಪಟ್ಟಿಯನ್ನು ಜಿಡಾಲ್‌ಡೆಮ್‌ನ ಕಲರ್ ರಿಲೀಫ್‌ಗೆ (ಎತ್ತರಕ್ಕೆ ಬಣ್ಣ ಹಾಕುವ ಜಿಡಾಲ್ ಆದೇಶ) ಕೊಟ್ಟರೆ ಚಿತ್ರ ಬೇರೆ. ಅದು ಸುಮ್ಮನಿದ್ದರೆ ಬಣ್ಣಗಳನ್ನು ಬೆರೆಸುತ್ತದೆ. ಹತ್ತಿರದ ಬಣ್ಣ ಎಂಬ ಆಯ್ಕೆ ಕೊಟ್ಟರೆ 300 ಮತ್ತು 600ರ ನಡುವಿನ ಗಡಿ 450ಕ್ಕೆ ಬೀಳುತ್ತದೆ. ಮೆಟ್ಟಿಲು ಬೇಕಿದ್ದರೆ ಜೋಡಿ ಸಾಲು ಬರೆಯಬೇಕು: 300ಕ್ಕೆ ಕೆಳವರ್ಗದ ಬಣ್ಣ, 301ಕ್ಕೆ ಮೇಲ್ವರ್ಗದ್ದು. ದತ್ತಾಂಶ ಪೂರ್ಣಾಂಕವಾದ್ದರಿಂದ ನಡುವೆ ಏನೂ ಸಿಕ್ಕಿಕೊಳ್ಳುವುದಿಲ್ಲ.

ನಕ್ಷೆ ಸರಿಸಿದಂತೆಲ್ಲ ಬಣ್ಣ ಬದಲಾಗುತ್ತಿದ್ದರೆ ಅಂಕಿಅಂಶದ ವ್ಯಾಪ್ತಿ ಅಪ್‌ಡೇಟೆಡ್ ಕ್ಯಾನ್ವಾಸ್‌ನಲ್ಲಿದೆ. ಹೋಲ್ ರಾಸ್ಟರ್‌ಗೆ ತನ್ನಿ. ನಿಖರತೆ ಎಸ್ಟಿಮೇಟ್‌ನಲ್ಲಿದ್ದರೆ ನೋಡುವುದು ಸುಮಾರು 2,50,000 ಪಿಕ್ಸೆಲ್ ಮಾತ್ರ, ಈ ಹಾಳೆಯಲ್ಲಿ ಹನ್ನೊಂದು ಹನ್ನೆರಡಕ್ಕೊಂದು. ಚೂಪಾದ ಶಿಖರ ಅದರ ಕಣ್ಣಿಗೆ ಬೀಳದೆ ಹೋಗಬಹುದು.

ಮೂರನೇ ಸುತ್ತಿನಲ್ಲಿ ಹಿಲ್‌ಶೇಡ್ (ಬೆಳಕು ನೆರಳಿನ ಪದರ) ಹಾಕಿ ಮಲ್ಟಿಪ್ಲೈ ಮಾಡಿದಾಗ, ಅಂದರೆ ಎರಡು ಪದರಗಳ ಹೊಳಪನ್ನು ಗುಣಿಸಿದಾಗ, ಕರಾವಳಿಯ ಹಸಿರು ಲೆಜೆಂಡ್‌ನ (ಬಣ್ಣದ ಸೂಚಿ) ಹಸಿರಿಗಿಂತ ಮಂಕಾಯಿತು. ಬೆಳಕಿನ ಎತ್ತರ 45 ಡಿಗ್ರಿ ಇದ್ದಾಗ ಜಿಡಾಲ್ ಹಿಲ್‌ಶೇಡ್‌ನಲ್ಲಿ ಸಮತಟ್ಟು ನೆಲದ ಬೆಲೆ 181, 255 ಅಲ್ಲ. ಹೀಗಾಗಿ ಬಯಲಿನ ಹೊಳಪು ಶೇ. 71ಕ್ಕೆ ಇಳಿಯುತ್ತದೆ. ಇಗೋರ್ ಎಂಬ ಆಯ್ಕೆಯಲ್ಲಿ ಸಮತಟ್ಟು ನೆಲ ಬಿಳಿಯಾಗಿಯೇ ಉಳಿಯುತ್ತದೆ. ಸದ್ಯ ಅದನ್ನೇ ಇಟ್ಟಿದೆ, ಬೆಳಕಿನ ಎತ್ತರದ ಆಯ್ಕೆಯನ್ನು ಅದರ ಜೊತೆ ಕೊಡಲಾಗದು. ಲೆಜೆಂಡ್‌ಗೂ ನೆಲಕ್ಕೂ ಬಣ್ಣ ತಾಳೆಯಾಗುತ್ತದೆ, ಆದರೆ ಘಟ್ಟದ ಉಬ್ಬು ಮೊದಲಿನಷ್ಟು ಗಟ್ಟಿಯಾಗಿ ಕಾಣದು.

ಉಳಿದದ್ದು ಕಣಿವೆಯ ತೂತುಗಳು. ಅವನ್ನು ಸುತ್ತಲಿನ ಎತ್ತರದಿಂದ ತುಂಬುವ ಜಿಡಾಲ್_ಫಿಲ್‌ನೋಡೇಟಾ ಸುಮ್ಮನೆ ಬಿಟ್ಟರೆ 100 ಪಿಕ್ಸೆಲ್ ದೂರದವರೆಗೆ ಹುಡುಕುತ್ತದೆ, ಅಂದರೆ 9 ಕಿಲೋಮೀಟರ್. ಘಟ್ಟದ ಕೆಳಗಿನ ಊರಿನ ಎತ್ತರ ಮೇಲಿನ ತೂತಿಗೆ ಬಂದು ಕೂರಬಹುದು. ಮುಂದಿನ ಸುತ್ತಿನಲ್ಲಿ 10ಕ್ಕೆ ಇಳಿಸಿ, ವಾರ್ಪ್‌ಗೆ ಮೊದಲೇ, ಮೂಲ ವಿಆರ್‌ಟಿಯಿಂದಲೇ ತುಂಬಿಸಬೇಕು.